ಮೂರನೆಯ ತಂತಿ

ಜೋರಾಪುರ ಪೇಟೆ, ವಿಜಯಪುರ
೨೩ ಜನವರಿ ೨೦೨೫, ಗುರುವಾರ

ಪ್ರೀತಿಯ ಸುಧಾ,

ನೀನೂ ಮನೆಯವರೂ ಆರಾಮವಾಗಿದ್ದೀರಿ ಎಂದುಕೊಂಡು ಬರೆಯುತ್ತಿದ್ದೇನೆ. ದೀಪಾವಳಿಗೆ ಬಂದ ನಿನ್ನ ಪತ್ರಕ್ಕೆ ಸಂಕ್ರಾಂತಿ ಕಳೆದ ಮೇಲೆ ಉತ್ತರ ಬರೆಯುವವಳನ್ನು ಬೈಯಬೇಕು, ಬೈದುಬಿಡು. ಅಂಗಡಿಯ ಮೇಲೆ ಹಾಕಿ ತಪ್ಪಿಸಿಕೊಳ್ಳಬಹುದಿತ್ತು. ಬಿಳಿಜೋಳಕ್ಕೆ ಕಡೆಯ ನೀರು ಹಾಯಿಸುವ ದಿನಗಳು. ಸುಟ್ಟ ಮೋಟರುಗಳು ಹೊಸ್ತಿಲವರೆಗೆ ಬಂದು ಕೂತಿವೆ, ನಾನು ಬೆಳಗಿನಿಂದ ಸಂಜೆಯವರೆಗೆ ತಾಮ್ರದ ತಂತಿ ಸುತ್ತುತ್ತೇನೆ. ಆದರೆ ತಡಕ್ಕೆ ಕಾರಣ ಅದಲ್ಲ. ನಿನಗೆ ಹೇಳಬೇಕಾದ ಒಂದು ಸುದ್ದಿ ಇತ್ತು. ಅದನ್ನು ಹೇಳುವುದು ನನ್ನ ಕೆಲಸವಲ್ಲ ಎಂದು ಕಾದೆ. ಹೇಳಬೇಕಾದವಳು ಹೇಳಲಿಲ್ಲ.

ಫೋನ್ ಮಾಡಬಹುದಿತ್ತು. ಫೋನಿನಲ್ಲಿ ನಾವಿಬ್ಬರೂ ಬಿಸಿಲು, ಚಳಿ ಮಾತಾಡಿ ಇಟ್ಟುಬಿಡುತ್ತೇವೆ. ಕಾಗದವಾದರೆ ಇಬ್ಬರಿಗೂ ಬಾಯಿ ಬರುತ್ತದೆ.

ಸುದ್ದಿ ಇದು: ನಿನ್ನ ಶಾಂಭವಿ ಹ್ಯಾಮ್ ರೇಡಿಯೊ ಪರೀಕ್ಷೆ ಪಾಸಾಗಿದ್ದಾಳೆ. ನವೆಂಬರಿನಲ್ಲಿ ಲೈಸನ್ಸ್ ಬಂತು, ಗಾಳಿಯಲ್ಲಿ ಅವಳದೇ ಹೆಸರಾಗಿ ಸ್ವಂತ ಕಾಲ್‌ಸೈನ್ ಬಂತು. ಶನಿವಾರ ಬಬಲೇಶ್ವರದ ಮಣ್ಣು ಪರೀಕ್ಷೆಯ ಕೆಲಸ ಮುಗಿಸಿ ಅವಳು ಬಸ್ಸು ಹತ್ತಿ ಬರುವುದು ಈ ಮೌಶಿಯ ಕೈಯ ಊಟಕ್ಕೆ ಎಂದು ನೀನು ತಿಳಿದಿದ್ದೀ. ಊಟ ಮಾಡುತ್ತಾಳೆ, ಸುಳ್ಳಲ್ಲ. ಉಂಡು ಕೈ ತೊಳೆದು ನಮ್ಮ ಅಬ್ಬಾನ ರೇಡಿಯೊದ ಮುಂದೆ ಕೂರುತ್ತಾಳೆ. ಸಂಜೆ ಬೆಳಕು ಇಳಿಯುವ ಹೊತ್ತಿಗೆ ದೂರದ ದನಿಗಳು ಏಳುತ್ತವಲ್ಲ, ನೀರಿನ ತಳದಿಂದ ಯಾರೋ ಮಾತಾಡಿದ ಹಾಗೆ, ಆಗ ಅವಳ ಮುಖ ನೋಡಿದರೆ ನನಗೆ ಇಸವಿ ಮರೆತುಹೋಗುತ್ತದೆ.

"ಅವ್ವಗ ಹೇಳೀಯೇನು?" ಎಂದು ಪ್ರತಿ ಶನಿವಾರ ಕೇಳಿದೆ.

"ಹೇಳ್ತೀನ್ರಿ ಮೌಶಿ, ಈ ವಾರ ಹೇಳ್ತೀನಿ."

"ಹೋದ ವಾರನೂ ಇದನ್ನ ಅಂದಿದ್ದಿ."

"ನೀವಾ ಹೇಳ್ರಿ. ನೀವ್ ಹೇಳಿದ್ರ ಬೈತಾಳ. ನಾ ಹೇಳಿದ್ರ ಸುಮ್ಮನಾಗಿಬಿಡ್ತಾಳ. ಬೈಗಳಾ ತಡಕೋಬಹುದು, ಅಕಿ ಸುಮ್ಮನಾಗೂದು ತಡ್ಯಾಕ ಆಗೂದಿಲ್ರಿ."

ಇನ್ನೊಂದು ಮಾತಿದೆ, ಕೂತು ಓದು. ಅವಳು ಆಂಟೆನಾಕ್ಕೆ ಟವರ್ ಏರಿಸುತ್ತಾಳಂತೆ. ಅರವತ್ತಡಿಯದು. ನಿಡೋಣಿಯ ಅಂಚಿನಲ್ಲಿ, ಅವಳು ಬಾಡಿಗೆಗಿರುವ ಮನೆಯ ಒಡತಿ ಶಂಕ್ರೆವ್ವನ ಹೊಲದಲ್ಲಿ. ಬಬಲೇಶ್ವರದ ವೆಲ್ಡರ್ ಸಂಗು ಹತ್ತತ್ತು ಅಡಿಯ ಆರು ತುಂಡು ಮಾಡಿಕೊಟ್ಟಿದ್ದಾನೆ. ಫೆಬ್ರವರಿ ಒಂಬತ್ತು, ಭಾನುವಾರ, ಹತ್ತುವ ದಿನ. ಕೆಳಗೆ ನಿಂತು ನೋಡಿಕೊಳ್ಳುವವಳು ನಾನು.

ಇಪ್ಪತ್ತಮೂರು ವರ್ಷದವಳಿಗೆ ಯಾರ ಅಪ್ಪಣೆಯೂ ಬೇಕಿಲ್ಲ. ಆದರೂ ಷರತ್ತು ಹಾಕಿದ್ದೇನೆ: ನಿನ್ನ ಕೈಬರಹದಲ್ಲಿ ಒಪ್ಪಿಗೆ ಬಾರದೆ ನಾನು ಕೆಳಗೆ ನಿಲ್ಲುವುದಿಲ್ಲ, ನಾನು ನಿಲ್ಲದೆ ಅವಳು ಹತ್ತುವಂತಿಲ್ಲ. ಒಪ್ಪಿದ್ದಾಳೆ. ನೀನು ಬೇಡ ಎಂದರೆ ಆ ಆರು ತುಂಡುಗಳು ಶಂಕ್ರೆವ್ವನ ಬಳ್ಳಿಗೆ ಚಪ್ಪರವಾಗುತ್ತವೆ, ಅಷ್ಟೆ.

ಬೇಡ ಎನ್ನಲು ನಿನಗಿರುವಷ್ಟು ಕಾರಣ ಯಾರಿಗೂ ಇಲ್ಲ. ಈ ಮೇ ಬಂದರೆ ಇಪ್ಪತ್ತಾರು ವರ್ಷ. ತಿಕೋಟಾದ ನಿಮ್ಮ ಹೊಲದಲ್ಲಿ ನಾವಿಬ್ಬರೇ ಇದ್ದೆವು. ಟವರ್ ನಲವತ್ತಡಿಗೆ ಏರಿತ್ತು. ಮೂರು ದಿಕ್ಕಿಗೂ ಉಕ್ಕಿನ ಸ್ಟೇ ತಂತಿ ಎಳೆದು ನೆಲದ ಗೂಟಗಳಿಗೆ ಬಿಗಿದಾಗಿತ್ತು. ಅಲ್ಲಿಯವರೆಗೆ ಟವರನ್ನು ಹಿಡಿದಿದ್ದ ಹಗ್ಗಗಳನ್ನು ನೀನು ಮೇಲೆ ನಿಂತು ಒಂದೊಂದಾಗಿ ಬಿಚ್ಚುತ್ತಿದ್ದೆ. ಎರಡನೆಯದು ಬಿಚ್ಚಿದಾಗ "ನೂರಿ, ಗುಮ್ಮಟ ಕಾಣಾಕತ್ತದ!" ಎಂದು ಕೂಗಿದೆ. ಮೂರನೆಯದು ಬಿಚ್ಚಿದೆ. ಬೇಲಿಯ ಕಡೆಯ ತಂತಿ ತಡೆಯಲಿಲ್ಲ. ಟವರ್ ಅವಸರವಿಲ್ಲದೆ, ನಿದ್ದೆಯಲ್ಲಿ ಮಗ್ಗುಲಾಗುವವರ ಹಾಗೆ, ವಾಲಿತು. ಬೆಲ್ಟಿನಿಂದ ಅದಕ್ಕೇ ಕಟ್ಟಿಕೊಂಡಿದ್ದ ನೀನು ಅದರ ಜೊತೆಗೇ ಬಂದೆ. ಜೀವ ಉಳಿಯಿತು, ಬಲಗೈಯ ಮೊಣಕೈ ಮತ್ತೆ ಮಡಚಲಿಲ್ಲ. ಮೋರ್ಸ್ ಕೀ ಬಡಿಯುತ್ತಿದ್ದ ಕೈ ಅದು. ಕಾಲ್‌ಸೈನ್ ಹೇಳುವ ಮೊದಲೇ ಆ ಬಡಿತ ಕೇಳಿ, ಓ ವಿಜಯಪುರದ ಹುಡುಗಿ, ಎಂದು ಎಷ್ಟೋ ದೂರದವರು ಗುರುತು ಹಿಡಿಯುತ್ತಿದ್ದರು.

ಸಂಜೆ ಅಬ್ಬಾ ಬಂದು ಹೊಲವೆಲ್ಲ ಸುತ್ತಿ ನೋಡಿ ಒಂದೇ ಮಾತು ಅಂದರು: "ಎರಿಮಣ್ಣು ಬಿರುಕ ಬಿಟ್ಟದ. ಗೂಟ ಸರದದ." ಮೆಹಬೂಬ ಮಿಸ್ತ್ರಿಯ ಮಾತಿನ ಮೇಲೆ ಮಾತಾಡುವವರು ಯಾರೂ ಇರಲಿಲ್ಲ.

ನಿನ್ನ ಮಗಳಿಗೂ ಇದನ್ನೇ ಹೇಳಿದ್ದೇನೆ. ಅದಕ್ಕೇ ಅವಳು ಮಣ್ಣಿನ ಬೆನ್ನು ಹತ್ತಿದ್ದಾಳೆ. ಬೇಸಿಗೆಯಲ್ಲಿ ಬಿರುಕು ಎಷ್ಟು ಆಳ ಇಳಿಯುತ್ತದೆ ಎಂದು ಕೋಲು ಇಳಿಸಿ ಅಳೆದಿದ್ದಾಳೆ, ಮಳೆಗಾಲದಲ್ಲಿ ನೆಲ ಎಷ್ಟು ಉಬ್ಬಿತು ಎಂದು ಬರೆದಿಟ್ಟಿದ್ದಾಳೆ. ಬಿರುಕು ಮುಟ್ಟದ ಆಳಕ್ಕೆ, ಆರಡಿ ಕೆಳಗೆ, ಗರಸಿನ ಕಲ್ಲುನೆಲ ಹತ್ತಿದ ಮೇಲೆ ಮೂರು ಕಾಂಕ್ರೀಟ್ ಗಟ್ಟಿಗಳನ್ನು ಹೂತಿದ್ದಾಳೆ. ಟವರಿನ ಬುಡದಿಂದ ಒಂದೊಂದೂ ನಲವತ್ತೆಂಟು ಅಡಿ ದೂರ. ಟವರ್ ಯಾವ ಕಡೆ ಬಿದ್ದರೂ ಕರೆಂಟಿನ ಲೈನಿಗೆ ತಾಗದಷ್ಟು ದೂರದಲ್ಲಿ ಜಾಗ ಹಿಡಿದಿದ್ದಾಳೆ. "ಬೀಳೂದಿಲ್ರಿ, ಆದರ ಬೀಳ್ತದ ಅಂತ ತಿಳಕೊಂಡನ ಜಾಗಾ ನೋಡಬೇಕು" ಎನ್ನುತ್ತಾಳೆ. ನಮಗೆ ಆ ವಯಸ್ಸಿನಲ್ಲಿ ಈ ಮಾತು ಬಂದಿರಲಿಲ್ಲ.

ಶಂಕ್ರೆವ್ವನ ಕತೆ ಹೇಳಬೇಕು. ಗಟ್ಟಿ ಒಣಗಲಿ ಎಂದು ಬಿಟ್ಟು ಮುಂದಿನ ವಾರ ಹೋದರೆ, ನೆಲದಿಂದ ಎದ್ದ ಕಬ್ಬಿಣದ ಕಣ್ಣಿಗೆ ಎಮ್ಮೆ ಕಟ್ಟಿದೆ.

"ಆಯಿ, ಇದು ಟವರಿನ ಗೂಟ. ಎಮ್ಮಿ ಜಗ್ಗಿದ್ರ ಹೆಂಗ?" ಎಂದಳು ಶಾಂಭವಿ.

"ಎಮ್ಮಿ ಜಗ್ಗಿದ್ರ ಕಿತ್ತು ಬರೂ ಗೂಟಕ್ಕ ನೀ ಟವರ ಕಟ್ಟಾಕಿ ಏನ?" ಎಂದಳು ಶಂಕ್ರೆವ್ವ. "ಎಂಟ ದಿನಾ ಆತು ಜಗ್ಗಾಕತ್ತದ. ಅಲ್ಲಾಡಿಲ್ಲ. ನಿಮ್ಮ ಇಂಜಿನೇರಗಿಂತ ನಮ್ಮ ಎಮ್ಮಿ ಚಲೋ ಪರೀಕ್ಷಾ ಮಾಡ್ಯದ."

ಸಂಗು ನಕ್ಕೂ ನಕ್ಕೂ ಕೂತುಬಿಟ್ಟ. ಎಮ್ಮೆ ಬಿಚ್ಚಿಸಲು ಅರ್ಧ ದಿನ ಬೇಕಾಯಿತು. ಅಷ್ಟರಲ್ಲಿ ಶಂಕ್ರೆವ್ವ ನಮಗೆಲ್ಲ ಎಳೆ ಜೋಳದ ತೆನೆಯ ಸೀತನಿ ಸುಟ್ಟು ತಿನ್ನಿಸಿದಳು.

ಅಬ್ಬಾನ ಪಟ್ಟಿಯ ಪದ್ಧತಿಯನ್ನೂ ಅವಳಿಗೆ ಕಲಿಸಿದೆ. ನಿನಗೆ ನೆನಪಿರಬೇಕು: ಮೋಟರಿನ ವೈಂಡಿಂಗಿಗೆ ಸುತ್ತುವ ಕೆಂಪು ಕಾಟನ್ ಪಟ್ಟಿ. ಗೂಟದ ಹತ್ತಿರ ತಂತಿಯನ್ನು ಮಡಚಿ ಮೂರು ಕ್ಲಾಂಪು ಹಾಕಿ, ನಟ್ಟು ಬಿಗಿದು, ಆಮೇಲೆ ಇನ್ನೊಬ್ಬರು ಪಾನಾ ಹಿಡಿದು ಪ್ರತಿ ನಟ್ಟನ್ನೂ ನೋಡಿ, ಸರಿಯಿದ್ದರೆ ಪಟ್ಟಿ ಕಟ್ಟಬೇಕು. ಬಿಗಿದವರು ಕಟ್ಟುವಂತಿಲ್ಲ. ಮೇಲಿದ್ದವರು ಮೂರು ಕೆಂಪು ಕಂಡ ಮೇಲೆಯೇ ಹಗ್ಗ ಬಿಚ್ಚಬೇಕು. ಶಾಂಭವಿ ಸ್ವಲ್ಪ ಯೋಚಿಸಿ, "ಪಟ್ಟಿ ಕಂಡ್ರ ಸಾಲೂದಿಲ್ರಿ, ಕಟ್ಟಿದವರು ತಮ್ಮ ಹೆಸರು ಹೇಳಿ 'ಆತು' ಅಂತ ಕೂಗಬೇಕು" ಎಂದಳು. ಹಾಗೇ ಆಗಲಿ ಎಂದೆ.

ಯೋಚಿಸಿ ಬರೆ. ನಿನ್ನ ಮೌನವನ್ನು ನಾನು ಒಪ್ಪಿಗೆ ಎಂದು ತಿಳಿಯುವುದಿಲ್ಲ.

ನಿನ್ನ,
ನೂರಜಹಾನ


ಜೋರಾಪುರ ಪೇಟೆ, ವಿಜಯಪುರ
೬ ಫೆಬ್ರವರಿ ೨೦೨೫, ಗುರುವಾರ

ಪ್ರೀತಿಯ ಸುಧಾ,

ನಿನ್ನ ಪತ್ರ ಶುಕ್ರವಾರವೇ ಕೈಸೇರಿತು. ಆರು ದಿನ ಉತ್ತರಿಸದೆ ಇಟ್ಟುಕೊಂಡಿದ್ದೆ, ಕ್ಷಮಿಸು. ಎಡಗೈಯ ಆ ವಾಲಿದ ಅಕ್ಷರಗಳನ್ನು ನೋಡಿದರೆ ಗಾಳಿಗೆ ಒಂದೇ ಕಡೆ ಬಾಗಿದ ಜೋಳದ ಹೊಲ ನೆನಪಾಗುತ್ತದೆ. ಎಷ್ಟು ಸಲ ಓದಿದೆನೋ. ಶಾಂಭವಿಗೆ ಫೋನಿನಲ್ಲಿ ಓದಿ ಹೇಳಿದೆ. "ಮತ್ತೊಮ್ಮೆ ಓದ್ರಿ" ಎಂದಳು. ಮತ್ತೊಮ್ಮೆ ಓದಿದೆ.

ನೀನು ಬರೆದದ್ದು ಹೀಗಿತ್ತು: "ನೂರಿ, ಮಣ್ಣಿನ ತಪ್ಪಲ್ಲ, ನಿನ್ನದಂತೂ ಅಲ್ಲವೇ ಅಲ್ಲ. ತಾವು ಬರುವತನಕ ಹಗ್ಗ ಬಿಚ್ಚಬಾರದು ಎಂದು ಅಬ್ಬಾ ಹೇಳಿ ಕಳಿಸಿದ್ದರು. ಬಿಸಿಲೇರುತ್ತದೆ ಎಂದು ಹಟ ಮಾಡಿ ಹತ್ತಿದವಳು ನಾನು. ಇಷ್ಟು ವರ್ಷ ಯಾರ ಮುಂದೆಯೂ ಇದನ್ನು ಹೇಳಿಕೊಳ್ಳಲಿಲ್ಲ. ರೇಡಿಯೊ ಬಿಟ್ಟದ್ದು ಕೈ ಹೋಯಿತೆಂದಲ್ಲ, ನನ್ನ ಅವಸರಕ್ಕೆ ನಾನೇ ಕೊಟ್ಟುಕೊಂಡ ಶಿಕ್ಷೆ. ನನ್ನ ಮಗಳು ಅವಸರದವಳಲ್ಲ. ಕೆಳಗೆ ನೀನಿದ್ದರೆ ಹತ್ತಲಿ. ನೀನು 'ಆತು' ಎಂದರೆ ಸಾಕು, ನಾನು ಇಲ್ಲಿ ಜಮಖಂಡಿಯಲ್ಲಿ ನಿಶ್ಚಿಂತೆಯಾಗಿ ರೊಟ್ಟಿ ಬಡಿಯುತ್ತಿರುತ್ತೇನೆ."

ಕೊನೆಗೆ, ಬೆಳಗಿನ ಜಾವ ಎಚ್ಚರವಾದಾಗ ಎಡಗೈ ಬೆರಳು ತಾನಾಗಿ ಚಾದರದ ಮೇಲೆ ಮೋರ್ಸ್ ಬಡಿಯುತ್ತಿರುತ್ತದೆ ಎಂದು ಬರೆದಿದ್ದೀ. ಯಾರನ್ನು ಕರೆಯುತ್ತಿರುತ್ತೀ ಎಂದು ಬರೆದಿಲ್ಲ.

ಇಲ್ಲಿಯ ಸುದ್ದಿ. ನೆಲದ ಕೆಲಸವೆಲ್ಲ ಮುಗಿದಿದೆ. ಟವರಿನ ತುಂಡುಗಳು ಹೊಲದ ಬದುವಿನಲ್ಲಿ ಸಾಲಾಗಿ ಮಲಗಿವೆ. ಮೇಲೆ ಸತುವಿನ ಬಣ್ಣ, ಬೆಳಿಗ್ಗೆ ಇಬ್ಬನಿ ಬಿದ್ದಾಗ ಅವು ಅಲ್ಲಿ ಇವೆಯೋ ಇಲ್ಲವೋ ಎನ್ನುವಂತೆ ಇರುತ್ತವೆ. ಶಂಕ್ರೆವ್ವ ದಿನಾ ಒಮ್ಮೆ ಹೋಗಿ ಮುಟ್ಟಿ ಬರುತ್ತಾಳಂತೆ. "ಇದರಾಗಿಂದ ಸತ್ತವರ ದನಿ ಬರ್ತಾವೇನ?" ಎಂದು ಕೇಳಿದಳು. "ಇಲ್ಲ ಆಯಿ, ಜೀವಂತ ಇದ್ದವರದ" ಎಂದೆ. "ಅಷ್ಟಕ್ಕ ಇಷ್ಟ ಎತ್ತರ ಯಾಕ? ಬೇಲಿ ಮ್ಯಾಲ ನಿಂತ ಒದರಿದ್ರ ನನ್ನ ದನಿ ಬಬಲೇಶ್ವರಕ್ಕ ಕೇಳ್ತದ" ಎಂದಳು. ಅದು ಸುಳ್ಳಲ್ಲ.

ಹೋದ ಭಾನುವಾರ ಶಾಂಭವಿ ನನ್ನನ್ನು ತಿಕೋಟಾಕ್ಕೆ ಕರೆದುಕೊಂಡು ಹೋದಳು. ನಾನು ಬೇಡ ಎಂದೆ. "ನಿಡೋಣಿ ಮಣ್ಣು ನೋಡೀನಿ, ಅವ್ವ ಬಿದ್ದ ಮಣ್ಣೂ ನೋಡಬೇಕ್ರಿ" ಎಂದಳು. ಈಗ ನಿನ್ನ ಅಣ್ಣ ಮಾಡುವ ಆ ಹೊಲದಲ್ಲಿ ಈ ಸಲ ಕಡಲೆ. ನಾವು ಹೂತ ಮೂರು ಗೂಟಗಳೂ ಇನ್ನೂ ಇವೆ, ಸುಧಾ. ಒಂದಕ್ಕೆ ಎತ್ತು ಕಟ್ಟುತ್ತಾರೆ, ಒಂದು ಜಾಲಿಯ ಪೊದೆಯಲ್ಲಿದೆ, ಬೇಲಿಯ ಕಡೆಯದು ಬೇಲಿಯ ಒಳಗೇ ಸೇರಿಹೋಗಿದೆ.

ಟವರಿನ ಬುಡದ ಕಾಂಕ್ರೀಟ್ ಗಟ್ಟಿ ಹುಡುಕಿ ಅದರಿಂದ ಮೂರೂ ಗೂಟಕ್ಕೆ ಟೇಪು ಹಿಡಿದು ಅಳೆದಳು. ಬೇಲಿಯ ಬುಡವನ್ನು ಸಲಿಕೆಯಿಂದ ಕೆದರಿದಳು, ಕೆದರುತ್ತಾ ಹೋದಳು. ಮಧ್ಯಾಹ್ನದ ಬಿಸಿಲು ಮೆತ್ತಗಿತ್ತು. ಕಡಲೆಯ ಹುಳಿ ವಾಸನೆ, ದೂರದಲ್ಲಿ ಯಾರದೋ ಟ್ರ್ಯಾಕ್ಟರು. ನಾನು ಬೇವಿನ ಗಿಡದ ಕೆಳಗೆ ಕೂತು ಅವಳನ್ನು ನೋಡುತ್ತಿದ್ದೆ. ಅವಳ ಬೆನ್ನು ನಿನ್ನದೇ. ಒಂದೆರಡು ಸಲ, ಈಗ ತಿರುಗಿದರೆ ಬಲಗೈಯಿಂದ ಬೆವರು ಒರೆಸಿಕೊಳ್ಳುತ್ತಾ ನೀನೇ ತಿರುಗುತ್ತೀ ಎನ್ನಿಸಿತು.

ಎದ್ದು ಬಂದು ನನ್ನ ಪಕ್ಕ ಕೂತಳು. ನೀರು ಕುಡಿದಳು.

"ಮೌಶಿ, ಅದು ಸರದಿಲ್ರಿ."

"ಯಾವದು?"

"ಗೂಟ. ಮೂರೂ ಒಂದ ಅಳತಿ ಅದಾವ. ಅರ್ಧಾ ಇಂಚೂ ಫರಕಿಲ್ಲ. ಗಟ್ಟಿ ಗರಸಿನ್ಯಾಗ ಕುಂತದ, ಬಿರುಕು ಅಲ್ಲಿತನಕ ಹೋಗೂದ ಇಲ್ಲ. ಮೆಹಬೂಬ ಅಜ್ಜಾರು ಚಲೋನ ಹೂಳಿಸ್ಯಾರ." ಟೇಪು ಸುತ್ತಿಕೊಳ್ಳುತ್ತಾ, "ಮತ್ತ ಟವರ ಯಾಕ ಬಿತ್ತು?" ಎಂದಳು.

"ಯಾರಿಗ್ಗೊತ್ತವ್ವಾ" ಎಂದೆ.

ಅವಳು ನೋಟುಬುಕ್ಕಿನಲ್ಲಿ ಮೂರು ಅಳತೆ ಬರೆದಳು, ಕೆಳಗೆ ಒಂದು ಸಾಲು ಖಾಲಿ ಬಿಟ್ಟಳು. ಬಸ್ಸಿನಲ್ಲಿ ನನ್ನ ಭುಜಕ್ಕೆ ತಲೆ ಇಟ್ಟು ನಿದ್ದೆ ಹೋದಳು. ಅಂಗೈಯಲ್ಲಿ ಎರಿಮಣ್ಣು ಹಾಗೇ ಒಣಗಿತ್ತು. ವಿಜಯಪುರ ಬರುವವರೆಗೂ ನಾನು ಅಲ್ಲಾಡದೆ ಕೂತಿದ್ದೆ.

ನಿನ್ನ ಮಗಳು ಬಂಗಾರದಂಥವಳು. ಅವಳ ಕೈಗೆ ಯಾವ ನೋವೂ ಬಾರದಿರಲಿ, ಅವಳ ದನಿ ಸಮುದ್ರಗಳನ್ನು ದಾಟಲಿ. ನಿನ್ನ ಮನೆಯಲ್ಲಿ ಬೆಳಕಿರಲಿ. ಮನೆಯವರಿಗೆ ನನ್ನ ನಮಸ್ಕಾರ ಹೇಳು.

ನಿನ್ನ,
ನೂರಜಹಾನ

ತಾ.ಕ.: ಇಲ್ಲಿಗೆ ನಿಲ್ಲಿಸಿ ಲಕೋಟೆ ಅಂಟಿಸಿದ್ದೆ. ಮತ್ತೆ ಬಿಚ್ಚಿದೆ.

ಆ ದಿನ ಬೆಳಿಗ್ಗೆ, ಬಿಸಿಲಿನಲ್ಲಿ ಮತ್ತೆ ಮತ್ತೆ ನಡೆಯುವುದು ಯಾಕೆಂದು ಮೂರು ಗೂಟಗಳಿಗೂ ಪಟ್ಟಿಯನ್ನು ನಾನು ಮೊದಲೇ ಕಟ್ಟಿಬಿಟ್ಟೆ. ತಂತಿ ಬಿಗಿಯುವ ಮೊದಲೇ. ನೋಡಿ ಕಟ್ಟಲು ಇನ್ನೊಬ್ಬರು ಹೇಗೂ ಇರಲಿಲ್ಲ. ಎರಡು ಗೂಟಗಳ ನಟ್ಟುಗಳನ್ನು ಪಾನಾ ಹಾಕಿ ಬಿಗಿದೆ. ಬೇಲಿಯ ಕಡೆಯದಕ್ಕೆ ಕ್ಲಾಂಪು ಹಾಕಿ, ನಟ್ಟುಗಳನ್ನು ಬೆರಳಿನಿಂದ ತಿರುವಿದೆ. ಪಾನಾ ಟವರಿನ ಬುಡದಲ್ಲೇ ಉಳಿದಿತ್ತು. ತರಲು ಹೊರಟೆ. ಬೇವಿನ ಗಿಡದ ಕೆಳಗೆ ರೇಡಿಯೊ ಹಚ್ಚಿಟ್ಟಿದ್ದೆವಲ್ಲ, ಅದರಲ್ಲಿ ಒಂದು ದನಿ ಬಂತು. ಹೆಣ್ಣು ದನಿ, ಗೊತ್ತಿಲ್ಲದ ಭಾಷೆ, ತೀರ ಸಣ್ಣಗೆ, ಈಗ ಹೋಯಿತು ಈಗ ಹೋಯಿತು ಎನ್ನುವಂತೆ. ಕೂತು ಕೇಳಿದೆ. ಎಷ್ಟು ಹೊತ್ತೋ ಗೊತ್ತಿಲ್ಲ. ಅದು ಮಾತೋ ಹಾಡೋ ಇಂದಿಗೂ ಗೊತ್ತಿಲ್ಲ.

ನೀನು ಮೇಲಿನಿಂದ "ಮೂರೂ ಆತೇನ?" ಎಂದು ಕೂಗಿದೆ. ನಾನು ತಲೆ ಎತ್ತಿ ನೋಡಿದೆ. ಮೂರು ಕಡೆ ಮೂರು ಕೆಂಪು ಕಂಡಿತು. ನನ್ನ ಕೈ ಕಟ್ಟಿದ್ದನ್ನು ನನ್ನ ಕಣ್ಣೇ ನಂಬಿತು. "ಆತು" ಎಂದೆ.

ತಂತಿ ಕ್ಲಾಂಪಿನಿಂದ ಜಾರಿ ಹೋಗಿತ್ತು. ಮಣ್ಣು ಏನೂ ಮಾಡಿರಲಿಲ್ಲ. ಅಬ್ಬಾ ಸಂಜೆ ಆ ಸಡಿಲ ನಟ್ಟುಗಳನ್ನು ಕೈಯಲ್ಲಿ ಹಿಡಿದು ನನ್ನನ್ನು ನೋಡಿದರು. ಜೇಬಿಗೆ ಹಾಕಿಕೊಂಡರು. ಆಮೇಲೆ ಜನರ ಕಡೆ ತಿರುಗಿ ಮಣ್ಣಿನ ಮಾತಾಡಿದರು. ಸಾಯುವವರೆಗೆ ಮತ್ತೆ ಆ ಮಾತೆತ್ತಲಿಲ್ಲ, ನನಗೂ ಎತ್ತಗೊಡಲಿಲ್ಲ. ಅವರು ಹೋಗಿ ಹನ್ನೊಂದು ವರ್ಷವಾಯಿತು. ಈ ಹನ್ನೊಂದು ವರ್ಷಕ್ಕೆ ಅವರನ್ನು ಕಾರಣ ಮಾಡಲಾರೆ. ನೀನು ನಿನ್ನ ಅವಸರಕ್ಕೆ ಶಿಕ್ಷೆ ಕೊಟ್ಟುಕೊಳ್ಳುತ್ತಿದ್ದೀ ಎಂದು ಈ ನಿನ್ನ ಪತ್ರ ಬರುವವರೆಗೆ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಹೇಳುತ್ತಿದ್ದೆನೇ? ಆಣೆ ಮಾಡಿ ಹೇಳಲಾರೆ.

ನಿನ್ನ ಒಪ್ಪಿಗೆಯ ಪತ್ರವನ್ನು ಇದರ ಜೊತೆಗೆ ಇಟ್ಟು ವಾಪಸು ಕಳಿಸುತ್ತಿದ್ದೇನೆ. ಅದನ್ನು ನೀನು ಬೇರೆ ಯಾರಿಗೋ ಬರೆದಿದ್ದೀ.

ಈಗ ತಾನೇ ಶಾಂಭವಿಗೆ ಫೋನ್ ಮಾಡಿ, ಭಾನುವಾರ ಹತ್ತುವುದು ಬೇಡ ಎಂದೆ. ಯಾಕ್ರಿ ಎಂದಳು. ಅವ್ವನ ಪತ್ರ ಬರಬೇಕು ಎಂದೆ.

"ಬಂದದಲ್ರಿ ಮೌಶಿ! ನೀವಾ ಎರಡ ಸಲ ಓದಿ ಹೇಳೀರಿ."

"ಇಲ್ಲವ್ವಾ," ಎಂದೆ, "ಇನ್ನೂ ಬಂದಿಲ್ಲ."